ಲಾಂಗ್‌ಸ್ಪಿಲ್‌ಗೆ ವೈಕಿಂಗ್ ವೇಷ ಯಾಕೆ?

ಕುರಿದೊಗಲು ಹೊದ್ದು, ಕಣ್ಣ ಸುತ್ತ ಮಸಿ ಬಳಿದುಕೊಂಡ ಗಡ್ಡದ ಗಂಡಸೊಬ್ಬ ಮಂಜು ಮುಸುಕಿದ ಬೆಟ್ಟದ ಮುಂದೆ ಕೂತು, ಉದ್ದನೆಯ ಮರದ ವಾದ್ಯವೊಂದರ ಮೇಲೆ ಕಮಾನು ಎಳೆಯುತ್ತಾನೆ. ಹಿಂದೆ ಡೋಲು ಗುಡುಗುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಸಾವಿರ ವರ್ಷಗಳ ವೈಕಿಂಗ್ ಸಂಗೀತ’ ಎಂಬ ಬರಹ. ಧಾರವಾಡದ ನನ್ನ ಹಳೆಯ ಶಿಷ್ಯೆಯರು ಇಂಥ ವಿಡಿಯೊ ಕಳಿಸುತ್ತಲೇ ಇರುತ್ತಾರೆ. “ಟೀಚರ್, ನೀವಿರೋ ಊರಿನ ಸಂಗೀತ ಕೇಳ್ರಿ, ಮೈ ಜುಂ ಅಂತೈತಿ” ಎಂದು ಒಂದು ಸಾಲು ಬೇರೆ. ನಾನು ವರ್ಷದ ಕೆಲವು ತಿಂಗಳು ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಹಾಗೆ ಮಸಿ ಬಳಿದುಕೊಂಡವರನ್ನು ಆ ಊರಿನಲ್ಲಿ ನಾನು ಕಂಡಿದ್ದು ಪ್ರವಾಸಿಗಳಿಗೆಂದು ತೆರೆದ ಅಂಗಡಿಗಳ ಪೋಸ್ಟರಿನಲ್ಲಿ ಮಾತ್ರ.

ಆ ವಿಡಿಯೊಗಳಲ್ಲಿ ಒಮ್ಮೊಮ್ಮೆ ಕಾಣಿಸಿಕೊಳ್ಳುವ ಒಂದು ವಾದ್ಯದ ಹೆಸರು ಲಾಂಗ್‌ಸ್ಪಿಲ್. ಐಸ್‌ಲ್ಯಾಂಡಿನವರು ತಮ್ಮದು ಎಂದು ಹೇಳಿಕೊಳ್ಳುವ ತಂತಿವಾದ್ಯಗಳು ಎರಡೇ: ಇದೊಂದು, ಮೆಟ್ಟುಗಳಿಲ್ಲದ ಎರಡು ತಂತಿಯ ಫಿಡ್ಲಾ ಇನ್ನೊಂದು. ನನ್ನ ತಕರಾರು ಲಾಂಗ್‌ಸ್ಪಿಲ್‌ಗೆ ತೊಡಿಸಿರುವ ವೇಷದ ಬಗ್ಗೆ. ವೈಕಿಂಗರು ಐಸ್‌ಲ್ಯಾಂಡಿಗೆ ಬಂದು ನೆಲೆಸಿದ್ದು 9ನೇ ಶತಮಾನದ ಕೊನೆಯಲ್ಲಿ. ಲಾಂಗ್‌ಸ್ಪಿಲ್ ಬಗ್ಗೆ ಸಿಗುವ ಖಚಿತ ದಾಖಲೆಗಳು 18ನೇ ಶತಮಾನದಿಂದ ಈಚಿನವು. ನಡುವೆ ಎಂಟು ನೂರು ವರ್ಷಗಳ ಕಂದರವಿದೆ. ನಮ್ಮಲ್ಲಿ ಎಲ್ಲದಕ್ಕೂ ‘ಐದು ಸಾವಿರ ವರ್ಷ’ ಎಂದುಬಿಡುವ ಚಟವಿದೆಯಲ್ಲ, ಆ ಚಟ ಉತ್ತರ ಧ್ರುವದ ಹತ್ತಿರವೂ ಇದೆ ಎಂದು ತಿಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹಾಗೆ ವಯಸ್ಸು ಏರಿಸುವ ಭರದಲ್ಲಿ ಆ ವಾದ್ಯ ನಿಜವಾಗಿ ಮಾಡಿದ ಕೆಲಸ ಮುಚ್ಚಿಹೋಗುತ್ತಿದೆ.

ಅದು ಮಾಡಿದ್ದು ಮೇಷ್ಟರ ಕೆಲಸ.

ಮೊದಲು ವಾದ್ಯ ಹೇಗಿದೆ ಎಂದು ಹೇಳಿಬಿಡುತ್ತೇನೆ. ಮಗಳ ಮನೆಯ ಎದುರು ಬಾಗಿಲಲ್ಲಿ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರಿದ್ದಾರೆ, ನನಗಿಂತ ಹಿರಿಯರು. ಐಸ್‌ಲ್ಯಾಂಡಿನಲ್ಲಿ ರಾಷ್ಟ್ರಾಧ್ಯಕ್ಷರನ್ನೂ ಬರಿಯ ಹೆಸರು ಹಿಡಿದೇ ಕರೆಯುತ್ತಾರೆ. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ, ಹಾಗಾಗಿ ಅವರು ನನಗೆ ‘ಅಕ್ಕಾ’. ಅದರ ಅರ್ಥವನ್ನು ಮಗಳು ಅವರಿಗೆ ಹೇಳಿಕೊಟ್ಟಿದ್ದಾಳೆ, ಅವರಿಗೆ ಅದು ಖುಷಿ. ಅವರ ಹತ್ತಿರ ಒಂದು ಲಾಂಗ್‌ಸ್ಪಿಲ್ ಇದೆ. ಸುಮಾರು ನನ್ನ ತೋಳಿಗಿಂತ ಸ್ವಲ್ಪ ಉದ್ದದ, ಕಿರಿದಾದ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ಅಗಲ, ಬಿರಡೆಗಳ ಕಡೆಗೆ ಬರಬರುತ್ತ ಸಣ್ಣ. ನೆಟ್ಟಗಿರುವ ಮಾದರಿಯೂ ಉಂಟು, ಒಂದು ಪಕ್ಕ ಬಸಿರಿಯ ಹೊಟ್ಟೆಯಂತೆ ಉಬ್ಬಿದ ಮಾದರಿಯೂ ಉಂಟು. ಅಕ್ಕನದು ಉಬ್ಬಿದ್ದು. ಮೇಲೆ ಮೂರು ಹಿತ್ತಾಳೆ ತಂತಿ. ಅಂಚಿನ ಒಂದು ತಂತಿಯ ಕೆಳಗೆ ಮಾತ್ರ ಮೆಟ್ಟುಗಳಿವೆ. ರಾಗ ಹೊರಡುವುದು ಅದರಲ್ಲಿ. ಉಳಿದವು ಸುಮ್ಮನೆ ಶ್ರುತಿ ಹಿಡಿದುಕೊಂಡಿರುತ್ತವೆ. ಕುದುರೆ ಚಪ್ಪಟೆಯಾಗಿರುವುದರಿಂದ ಕಮಾನು ಎಳೆದರೆ ಮೂರೂ ತಂತಿ ಒಟ್ಟಿಗೇ ನುಡಿಯುತ್ತವೆ; ಒಂದನ್ನು ಬಿಟ್ಟು ಒಂದನ್ನು ನುಡಿಸುವ ಪ್ರಶ್ನೆಯೇ ಇಲ್ಲ.

ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಮ್ಮೆ ಕಮಾನು ಎಳೆದರು. ತೆಳ್ಳಗೆ, ಮೂಗಿನಿಂದ ಬಂದಂಥ ದನಿ. ಆಮೇಲೆ ಎದ್ದು ಊಟದ ಮೇಜಿನ ಮೇಲಿಟ್ಟು ಎಳೆದರು. ಮೇಜಿಗೆ ಮೇಜೇ ನುಡಿಯಿತು. ಬಟ್ಟಲಲ್ಲಿದ್ದ ಚಮಚ ಕಿಣಿಗುಟ್ಟಿತು. ಎಡಗೈ ಹೆಬ್ಬೆರಳಿನ ಉಗುರಿನಿಂದ ತಂತಿ ಒತ್ತಿ, ಹಾಗೆಯೇ ಜಾರಿಸುತ್ತ ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಹೋಗುತ್ತಾರೆ. ನನ್ನ ಕೈಗೆ ಕೊಟ್ಟಾಗ ನಾನೂ ಹಾಗೇ ಮಾಡಿದೆ. ಹಿತ್ತಾಳೆ ತಂತಿ ಉಗುರಿನ ನಡುವೆ ಸಣ್ಣ ಗೀರು ಕೊರೆಯಿತು, ಕಮಾನಿನ ರಾಳದ ಪುಡಿ ಮೇಜಿನ ಮೇಲೆ ಬಿಳಿಯಾಗಿ ಉದುರಿತು. ಅರ್ಧ ಗಂಟೆಯಲ್ಲಿ ಒಂದು ಸರಳ ಮಟ್ಟು ನುಡಿಸಲು ಬಂತು. ಸಾರಂಗಿಯಲ್ಲಾದರೆ ಅರ್ಧ ಗಂಟೆಯಲ್ಲಿ ಷಡ್ಜವೂ ಸಿಕ್ಕುವುದಿಲ್ಲ. ಇಷ್ಟು ಬೇಗ ಕೈಗೆ ಹತ್ತುತ್ತದೆಂದೇ ಈ ವಾದ್ಯ ಮನೆಮನೆಗೆ ಹೋಯಿತು.

1810ರ ಬೇಸಿಗೆಯಲ್ಲಿ ಐಸ್‌ಲ್ಯಾಂಡಿಗೆ ಬಂದಿದ್ದ ಸ್ಕಾಟ್ಲೆಂಡಿನ ಜಾರ್ಜ್ ಮೆಕೆಂಜಿ ತನ್ನ ಪ್ರವಾಸ ಕಥನದಲ್ಲಿ ಈ ವಾದ್ಯವನ್ನು ವಿವರಿಸಿದ್ದಾನೆ. ಮೂರು ಹಿತ್ತಾಳೆ ತಂತಿ, ಎರಡು ಒಂದೇ ಸ್ವರಕ್ಕೆ, ಇನ್ನೊಂದು ಕೆಳಗಿನ ಸಪ್ತಕಕ್ಕೆ. ಹೆಬ್ಬೆರಳ ಉಗುರಿನಿಂದ ಒತ್ತುವುದು. ಅಕ್ಕನ ಮೇಜಿನ ಮೇಲೆ ನಾನು ಕಂಡದ್ದನ್ನೇ ಆತ ಇನ್ನೂರು ವರ್ಷದ ಹಿಂದೆ ಬರೆದಿಟ್ಟಂತಿದೆ. ಆತ ಮೊದಲು ಕೇಳಿದ್ದು ಪಕ್ಕದ ಕೋಣೆಯಿಂದ, ಎರಡು ವಾದ್ಯಗಳು ಒಟ್ಟಿಗೇ ನುಡಿಯುತ್ತಿದ್ದಾಗ. ಹತ್ತಿರದಿಂದ ಕೇಳಿದರೆ ಒರಟು, ಬೇರೆ ಕೋಣೆಯಿಂದ ಕೇಳಿದರೆ ಬಹಳ ಹಿತ ಎಂಬುದು ಆತನ ತೀರ್ಪು. ತಂಬೂರಿಯ ಬಗ್ಗೆಯೂ ಹೀಗೆ ಹೇಳುವವರನ್ನು ನಾನು ಕಂಡಿದ್ದೇನೆ, ಅವರ ಜೊತೆ ಜಗಳವನ್ನೂ ಆಡಿದ್ದೇನೆ. ಮೆಕೆಂಜಿಯ ಜೊತೆ ಆಡಲು ಆಗುವುದಿಲ್ಲ. ಆದರೆ ಆತನ ಬರಹದಲ್ಲಿ ನನಗೆ ಮುಖ್ಯವಾದದ್ದು ಬೇರೆ: ವಾದ್ಯ ನುಡಿಯುತ್ತಿದ್ದುದು ಮನೆಯೊಳಗೆ, ಮನೆಯವರ ಕೈಯಲ್ಲಿ. ಅದರಲ್ಲಿ ಬರುತ್ತಿದ್ದುದು ಹೆಚ್ಚಾಗಿ ಡೆನ್ಮಾರ್ಕ್, ನಾರ್ವೆಗಳ ಮಟ್ಟುಗಳು. ಬೆಟ್ಟ, ಬೆಂಕಿ, ಕೊಡಲಿ ಯಾವುದೂ ಅಲ್ಲಿಲ್ಲ.

ಹಳ್ಳಿಯ ಸಾಮಾನ್ಯ ಮನೆ ಎಂಥದ್ದು ಎಂದೂ ಸ್ವಲ್ಪ ನೋಡಬೇಕು. ಐಸ್‌ಲ್ಯಾಂಡಿನ ಹಳೆಯ ಹಳ್ಳಿಮನೆ ಎಂದರೆ ಹುಲ್ಲುಹೆಂಟೆಯ ಗೋಡೆ, ಹುಲ್ಲಿನದೇ ಮಾಡು. ಒಳಗೆ ‘ಬಾಡ್‌ಸ್ಟೋವಾ’ ಎಂಬ ಒಂದೇ ಉದ್ದನೆಯ ಕೋಣೆ. ಮಲಗುವುದು, ಉಣ್ಣುವುದು, ದುಡಿಯುವುದು ಎಲ್ಲ ಅಲ್ಲೇ. ಚಳಿಗಾಲದಲ್ಲಿ ಹಗಲು ನಾಲ್ಕೈದು ಗಂಟೆ. ದೀಪ ಹಚ್ಚಿದ ಮೇಲೆ ‘ಕ್ವೋಲ್ಡ್‌ವಾಕಾ’, ಅಂದರೆ ಸಂಜೆಯ ಜಾಗರಣೆ, ಶುರು. ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಉಣ್ಣೆ ಹಿಂಜುತ್ತಾರೆ, ನೂಲುತ್ತಾರೆ, ಹೆಣೆಯುತ್ತಾರೆ. ಒಬ್ಬರು ಮಾತ್ರ ಕೆಲಸ ಬಿಟ್ಟು ಸಾಗಾ ಎಂಬ ಹಳೆಯ ಗದ್ಯಕಥೆಗಳನ್ನು ಓದುತ್ತಾರೆ ಅಥವಾ ‘ರೀಮುರ್’ ಹಾಡುತ್ತಾರೆ. ರೀಮುರ್ ಎಂದರೆ ಪ್ರಾಸಬದ್ಧವಾದ ಉದ್ದುದ್ದ ಕಥನಕಾವ್ಯ. 14ನೇ ಶತಮಾನದಿಂದ ಬಂದದ್ದು. ಅದನ್ನು ಹಾಡುವ ರೀತಿ ಹಾಡಿಗೂ ಓದಿಗೂ ನಡುವಿನದು, ವಾದ್ಯ ಬೇಕಿಲ್ಲ. ನಮ್ಮ ಗಮಕಿಗಳು ಕೇಳಿದರೆ ಏನು ನಡೆಯುತ್ತಿದೆ ಎಂದು ಅವರಿಗೆ ತಕ್ಷಣ ತಿಳಿಯುತ್ತದೆ. ಕೊನೆಗೆ ಧರ್ಮಬೋಧೆಯ ಪುಸ್ತಕ ತೆರೆದು ಓದಿ, ಸ್ತೋತ್ರ ಹಾಡಿ ಮಲಗುವುದು. ಲಾಂಗ್‌ಸ್ಪಿಲ್‌ಗೆ ಕೆಲಸ ಬೀಳುತ್ತಿದ್ದುದು ಹೀಗೆ ಮನೆಯವರು ಸೇರಿ ಹಾಡುವಾಗ. ಮರವೇ ಇಲ್ಲದ ದೇಶ. ಸೈಬೀರಿಯಾದ ನದಿಗಳಿಂದ ಸಮುದ್ರಕ್ಕೆ ಬಿದ್ದು ತೇಲಿ ದಡ ಸೇರಿದ ದಿಮ್ಮಿಗಳೇ ಅವರಿಗೆ ಮನೆಯ ತೊಲೆ, ದೋಣಿಯ ಹಲಗೆ, ವಾದ್ಯದ ಪೆಟ್ಟಿಗೆ.

ಈ ಸಂಜೆಗಳ ಮೇಲೆ ಮೇಲಿನವರ ಕಣ್ಣು ಸದಾ ಇತ್ತು. 1746ರಲ್ಲಿ ಡೆನ್ಮಾರ್ಕಿನ ಅರಸೊತ್ತಿಗೆ ಹೊರಡಿಸಿದ ಮನೆಶಿಸ್ತಿನ ಆಜ್ಞೆ ಸಾಗಾ, ರೀಮುರ್‌ಗಳಂಥ ‘ಕೆಲಸಕ್ಕೆ ಬಾರದ’ ಕಥೆಗಳಿಂದ ಜನರನ್ನು ದೂರವಿಡಬೇಕೆಂದು ಪಾದ್ರಿಗಳಿಗೆ ಹೇಳಿತ್ತು. ಕುಣಿತ ಆ ಶತಮಾನದಲ್ಲೇ ನಿಂತುಹೋಯಿತು. ರೀಮುರ್ ಮಾತ್ರ ಜಗ್ಗಲಿಲ್ಲ. ಅದಕ್ಕೆ ಪೆಟ್ಟು ಕೊಟ್ಟವರು ಪಾದ್ರಿಗಳಿಗಿಂತ ಹೆಚ್ಚಾಗಿ ಓದಿದ ದೇಶಭಕ್ತರು. ಐಸ್‌ಲ್ಯಾಂಡಿನ ಬಹುಪ್ರೀತಿಯ ಕವಿ ಯೋನಾಸ್ ಹಾಲ್‌ಗ್ರಿಮ್‌ಸನ್ 1837ರಲ್ಲಿ ರೀಮುರ್ ಮೇಲೆ ಕಟುವಾದ ವಿಮರ್ಶೆ ಬರೆದು, ಅದು ರುಚಿಗೆಟ್ಟ ಪದ್ಯಗಾರಿಕೆ ಎಂದು ಸಾರಿದ. ತಮಾಷೆಯೆಂದರೆ, ಆತನದೇ ಒಂದು ದೇಶಭಕ್ತಿಯ ಕವಿತೆಯನ್ನು ಜನ ಇಂದಿಗೂ ಹಾಡುವುದು ಅಪ್ಪಟ ಹಳೆಯ ‘ಟ್ವೀಸೋಂಗುರ್’ ಶೈಲಿಯಲ್ಲಿ.

ಟ್ವೀಸೋಂಗುರ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಇಬ್ಬರು ಹಾಡುತ್ತಾರೆ, ಒಬ್ಬರು ಷಡ್ಜದಲ್ಲಿದ್ದರೆ ಇನ್ನೊಬ್ಬರು ಪಂಚಮದಲ್ಲಿ, ಹೀಗೆ ಸಮಾನ ಅಂತರದಲ್ಲಿ ಜೊತೆಜೊತೆಗೆ ಸಾಗುತ್ತಾರೆ. ನಡುವೆ ಎಲ್ಲೋ ಒಂದು ಕಡೆ ಕೆಳಗಿನ ದನಿ ಮೇಲಕ್ಕೆ ದಾಟುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಉಳಿದ ಯುರೋಪು ಈ ರೀತಿಯ ಹಾಡನ್ನು ಮಧ್ಯಯುಗದಲ್ಲೇ ಬಿಟ್ಟಿತು, ಪಾಠಪುಸ್ತಕಗಳಲ್ಲಿ ಅದನ್ನು ತಪ್ಪು ಎಂದೂ ಬರೆದಿಟ್ಟಿತು. ಐಸ್‌ಲ್ಯಾಂಡಿನವರು ಬಿಡಲಿಲ್ಲ. ಜೊತೆಗೆ ಅವರ ಎಷ್ಟೋ ಹಳೆಯ ಮಟ್ಟುಗಳಲ್ಲಿ ತೀವ್ರ ಮಧ್ಯಮ ಬರುತ್ತದೆ. ಮೊದಲ ಸಲ ಕೇಳಿದಾಗ ಧಾರವಾಡದ ಕಿವಿಗೆ ‘ಅರೆ, ಯಮನ್’ ಎನ್ನಿಸದೆ ಇರದು. ಆದರೆ ಅದು ಯಮನ್ ಅಲ್ಲ. ನಿಷಾದದಿಂದ ಏಳುವ ನಡೆ, ಗಂಧಾರದ ಮೇಲಿನ ನಿಲುಗಡೆ ಯಾವುದೂ ಅಲ್ಲಿಲ್ಲ. ಏಳು ಸ್ವರ ಒಂದೇ ಇದ್ದ ಮಾತ್ರಕ್ಕೆ ನೆಂಟಸ್ತಿಕೆ ಹೂಡುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಆ ಗುಂಪಿಗೆ ನಾನು ಸೇರುವುದಿಲ್ಲ.

ಈಗ ಲಾಂಗ್‌ಸ್ಪಿಲ್‌ನ ಮೇಷ್ಟರಿಕೆಗೆ ಬರುತ್ತೇನೆ. ಐಸ್‌ಲ್ಯಾಂಡಿನ ಚರ್ಚುಗಳಲ್ಲಿ 1594ರಿಂದ ಒಂದೇ ಹಾಡಿನ ಪುಸ್ತಕ ನಡೆಯುತ್ತಿತ್ತು. ಮರುಮುದ್ರಣವಾಗುತ್ತ 1779ರವರೆಗೆ ಬಂತು. ಅಷ್ಟರಲ್ಲಿ ಸ್ವರಲಿಪಿ ಓದಬಲ್ಲವರು ಹಳ್ಳಿಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದರು. ಬಾಯಿಂದ ಬಾಯಿಗೆ ಬಂದ ಮಟ್ಟುಗಳು ಊರೂರಿಗೆ ಒಂದೊಂದು ಬಗೆಯಾಗಿ, ಎಳೆದೆಳೆದು, ಬಳುಕುತ್ತ ನಡೆಯುತ್ತಿದ್ದವು. 19ನೇ ಶತಮಾನದ ಸುಧಾರಕರಿಗೆ ಇದು ಸಹಿಸಲಾಗದ ಅಪಸ್ವರ. 1840ರಲ್ಲಿ ರೇಕ್ಯಾವಿಕ್‌ನ ಪ್ರಧಾನ ಚರ್ಚಿಗೆ ಆರ್ಗನ್ ಬಂತು, ಡೆನ್ಮಾರ್ಕಿನಲ್ಲಿ ಕಲಿತು ಬಂದ ಪ್ಯೇತುರ್ ಗುಡ್ಯೋನ್‌ಸೆನ್ ಅದನ್ನು ನುಡಿಸಲು ಕೂತ. 1861ರಲ್ಲಿ ಆತನೇ ‘ಸರಿಯಾದ’ ಮಟ್ಟುಗಳ ಪುಸ್ತಕ ಅಚ್ಚು ಹಾಕಿಸಿದ. ಆದರೆ ಆರ್ಗನ್ ಇಲ್ಲದ ಹಳ್ಳಿಗಳಲ್ಲಿ ಜನ ಹೊಸ ಮಟ್ಟು ಕಲಿಯುವುದು ಹೇಗೆ? ಅದಕ್ಕೆ ಆರಿ ಸೈಮುಂಡ್‌ಸೆನ್ ಎಂಬಾತ 1855ರಲ್ಲಿ ಉತ್ತರದ ಅಕುರೇರಿಯಿಂದ ಒಂದು ಕೈಪಿಡಿ ಪ್ರಕಟಿಸಿದ. ಲಾಂಗ್‌ಸ್ಪಿಲ್ ನುಡಿಸುವುದು ಹೇಗೆ, ಅದರಿಂದ ಸ್ತೋತ್ರಗಳ ಮಟ್ಟು ಕಲಿಯುವುದು ಹೇಗೆ ಎಂಬುದೇ ಅದರ ವಿಷಯ. ಈ ವಾದ್ಯಕ್ಕೆಂದು ಹಳೆಯ ಕಾಲದಲ್ಲಿ ಬಂದ ಮುಖ್ಯ ಪುಸ್ತಕ ಅದೇ.

ಇದರ ಅರ್ಥವೇನು ನೋಡಿ. ಇವತ್ತು ಅಪ್ಪಟ ಪ್ರಾಚೀನತೆಯ ಗುರುತಾಗಿ ನಾವು ತಲೆಯ ಮೇಲೆ ಹೊತ್ತಿರುವ ವಾದ್ಯ, ತನ್ನ ಕಾಲದಲ್ಲಿ ಹಳೆಯ ಹಾಡುಗಾರಿಕೆಯನ್ನು ತಿದ್ದುವ ಪಕ್ಷದಲ್ಲಿತ್ತು. ಮೆಟ್ಟುಗಳಿರುವ ವಾದ್ಯ ತಾನೆ? ಬಾಯಿ ಎಲ್ಲಿ ಬೇಕಾದರೂ ಬಳುಕಬಹುದು, ಮೆಟ್ಟು ‘ಇಲ್ಲೇ ನಿಲ್ಲು’ ಎನ್ನುತ್ತದೆ. ಮೇಷ್ಟರಿಗೆ ಬೇಕಾಗಿದ್ದೂ ಅದೇ. ಆಮೇಲೆ ಏನಾಯಿತೆಂದರೆ, ಆ ಶತಮಾನದ ಕೊನೆಯ ದಶಕಗಳಲ್ಲಿ ಹಳ್ಳಿಯ ಚರ್ಚುಗಳಿಗೂ ಉಳ್ಳವರ ಮನೆಗಳಿಗೂ ಹಾರ್ಮೋನಿಯಂ ಬಂತು. ತಿದ್ದುವ ಕೆಲಸಕ್ಕೆ ಅದು ಇನ್ನೂ ಸಲೀಸು. ಲಾಂಗ್‌ಸ್ಪಿಲ್ ಗೋಡೆಯ ಮೊಳೆಗೆ ಹೋಯಿತು, ಅಲ್ಲಿಂದ ಅಟ್ಟಕ್ಕೆ.

ಹಾರ್ಮೋನಿಯಂ ಎಂದಾಕ್ಷಣ ನನ್ನ ಕಿವಿ ನಿಮಿರುತ್ತದೆ. ಪ್ಯಾರಿಸ್ಸಿನಲ್ಲಿ ದೆಬ್ಯಾನ್ ಎಂಬಾತ 1842ರಲ್ಲಿ ಹಕ್ಕು ಪಡೆದ ಆ ಪೆಟ್ಟಿಗೆ ಉತ್ತರದಲ್ಲಿ ಐಸ್‌ಲ್ಯಾಂಡಿಗೂ ಹೋಯಿತು, ಪೂರ್ವದಲ್ಲಿ ಕೋಲ್ಕತ್ತಕ್ಕೂ ಬಂತು. ನಮ್ಮ ಕಡೆ ಕಂಪನಿ ನಾಟಕಗಳು ಅದನ್ನು ಊರೂರಿಗೆ ಮುಟ್ಟಿಸಿದವು. ನನ್ನ ಮನೆ ನಡೆದದ್ದೇ ಹಾರ್ಮೋನಿಯಂ ಪಾಠದಿಂದ, ಅದರ ಅನ್ನ ತಿಂದು ಅದನ್ನು ಜರೆಯಲಾರೆ. ಆದರೂ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು, ಮೂರು ದಶಕ ಒಳಗೆ ಬಿಡದಿದ್ದುದಕ್ಕೆ ಕೊಟ್ಟ ಕಾರಣಗಳು ಪೂರಾ ಸುಳ್ಳಲ್ಲ. ಮೀಂಡ್ ಬಾರದು, ಹನ್ನೆರಡು ಸಮಪಾಲು ಮಾಡಿದ ಸಪ್ತಕ ತಂಬೂರಿಯ ಜೊತೆ ಪೂರ್ತಿ ಬೆರೆಯದು. ಐಸ್‌ಲ್ಯಾಂಡಿನಲ್ಲಿ ಹಾಗೆ ಯಾರೂ ತಡೆಯಲಿಲ್ಲ. ಒಂದೆರಡು ತಲೆಮಾರಿನಲ್ಲಿ ಊರಿನ ಕಿವಿಯೇ ಬದಲಾಯಿತು. ಅಜ್ಜಿ ಹಾಡುತ್ತಿದ್ದ ಸ್ತೋತ್ರ ಮೊಮ್ಮಗಳಿಗೆ ‘ಶ್ರುತಿ ಬಿಟ್ಟ’ ಹಾಡಾಗಿ ಕೇಳತೊಡಗಿತು. ವಾದ್ಯ ಕಳೆದುಹೋದರೆ ಬಡಗಿಗೆ ಹೇಳಿ ಮತ್ತೆ ಮಾಡಿಸಬಹುದು. ಮನೆಯವರೇ ಮನೆಯ ದನಿಗೆ ನಾಚತೊಡಗಿದರೆ ಯಾವ ಬಡಗಿ ಏನು ಮಾಡಿಯಾನು?

ಆ ನಾಚಿಕೆಯ ಕಾಲದಲ್ಲೂ ಹಟ ಹಿಡಿದು ಕೂತವರಿದ್ದರು. ಸಿಗ್ಲುಫ್ಯೋರ್ದುರ್ ಎಂಬ ಉತ್ತರದ ಹೆರಿಂಗ್ ಮೀನಿನ ಊರಿನಲ್ಲಿ ಪಾದ್ರಿಯಾಗಿದ್ದ ಬ್ಯಾರ್ನಿ ಥೋರ್‌ಸ್ಟೈನ್‌ಸನ್ ಇಪ್ಪತ್ತೈದು ವರ್ಷ ಹಾಡು ಕೂಡಿಹಾಕಿದರು. ಹಾಡಿಸಿ ಬರೆದುಕೊಂಡರು, ಹಸ್ತಪ್ರತಿಗಳಲ್ಲಿ ಹುಡುಕಿದರು, ದೂರದವರಿಂದ ಪತ್ರದಲ್ಲಿ ತರಿಸಿಕೊಂಡರು. 1906ರಿಂದ 1909ರ ನಡುವೆ ಕೋಪನ್‌ಹೇಗನ್ನಿನಲ್ಲಿ ಅಚ್ಚಾದ ಅವರ ಸಂಗ್ರಹ ಹತ್ತಿರ ಹತ್ತಿರ ಸಾವಿರ ಪುಟ. ಖರ್ಚಿಗೆ ನೆರವಾದದ್ದು ಕಾರ್ಲ್ಸ್‌ಬರ್ಗ್ ನಿಧಿ, ಅಂದರೆ ಬಿಯರಿನ ದುಡ್ಡು. ಅವರು ವಾಸವಿದ್ದ ಮನೆ 2006ರಿಂದ ಜಾನಪದ ಸಂಗೀತ ಕೇಂದ್ರವಾಗಿದೆ. ಮಗಳು ಅಳಿಯ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು. ಕೊನೆಗೆ ಬೆಟ್ಟ ಕೊರೆದ ಸುರಂಗ ದಾಟಿ ಊರು ಸೇರಬೇಕು. ನನಗೆ ಅಲ್ಲಿ ಹಿಡಿಸಿದ್ದು ವಾದ್ಯಗಳಿಗಿಂತ ವಿಡಿಯೊಗಳು: ಅಡುಗೆಮನೆಯಲ್ಲಿ, ಹಜಾರದಲ್ಲಿ ಕೂತ ಸಾಧಾರಣ ಮುದುಕರು ಮುದುಕಿಯರು ರೀಮುರ್ ಹೇಳುತ್ತಾರೆ, ಟ್ವೀಸೋಂಗುರ್ ಹಾಡುತ್ತಾರೆ. ಸ್ವೆಟರು, ಕನ್ನಡಕ. ಮಸಿ ಇಲ್ಲ.

ರೇಕ್ಯಾವಿಕ್‌ಗೆ ದುಡಿಯಲು ಬಂದ ಹಳ್ಳಿಯವರು 1929ರಲ್ಲಿ ಇದುನ್ ಎಂಬ ರೀಮುರ್ ಹಾಡುಗಾರರ ಸಂಘ ಕಟ್ಟಿದರು. ಊರು ಬಿಟ್ಟ ಮೇಲೆ ಊರಿನ ಮಟ್ಟು ಮರೆತುಹೋಗುತ್ತದೆಂಬ ಭಯದಿಂದ 1930ರ ದಶಕದಲ್ಲಿ ಇನ್ನೂರು ಮಟ್ಟುಗಳನ್ನು ತಟ್ಟೆಗಳ ಮೇಲೆ ಮುದ್ರಿಸಿಟ್ಟರು. ಆ ಸಂಘ ಇಂದಿಗೂ ನಡೆಯುತ್ತಿದೆ. ಲಾಂಗ್‌ಸ್ಪಿಲ್ ಮಟ್ಟಿಗೆ ಇಂಥ ಹಟ ಹಿಡಿದವರು ಆನ್ನಾ ಥೋರ್‌ಹಾಲ್ಸ್‌ದೋತ್ತಿರ್. 1904ರಲ್ಲಿ ಹುಟ್ಟಿದ ಈ ಗಾಯಕಿ ನಡುವಯಸ್ಸು ದಾಟಿದ ಮೇಲೆ ಲಾಂಗ್‌ಸ್ಪಿಲ್ ಕೈಗೆತ್ತಿಕೊಂಡು, ದೇಶದೊಳಗೂ ಹೊರಗೂ ಹಾಡಿ, ಧ್ವನಿಮುದ್ರಿಕೆಯನ್ನೂ ತಂದರು. ಅವರ ದನಿಯಲ್ಲಿ ಶಾಸ್ತ್ರೀಯ ತರಬೇತಿಯ ಕಂಪನ ಜಾಸ್ತಿ, ನನಗೆ ಅಷ್ಟು ರುಚಿಸುವುದಿಲ್ಲ. ಆದರೆ ಅವರಂಥವರು ಇಲ್ಲದಿದ್ದರೆ ಅಕ್ಕನ ಮೇಜಿನ ಮೇಲೆ ಇವತ್ತು ಆ ಪೆಟ್ಟಿಗೆ ಇರುತ್ತಿರಲಿಲ್ಲ.

ನೆರೆಯ ದೇಶಗಳ ಕಥೆಯೂ ಬೇರೆಯಲ್ಲ. ನಾರ್ವೆಯಲ್ಲಿ ಲಾಂಗ್‌ಸ್ಪಿಲ್‌ನ ಹತ್ತಿರದ ಬಳಗದ ಲಾಂಗೆಲೈಕ್ ಇದೆ. ಅದರ ವಯಸ್ಸಿಗೆ ಗಟ್ಟಿ ಸಾಕ್ಷಿಯಿದೆ: 1524 ಎಂದು ಕೆತ್ತಿದ ವಾದ್ಯವೊಂದು ಸಿಕ್ಕಿದೆ. ಹಳೆಯ ಲಾಂಗೆಲೈಕ್‌ಗಳ ಮೆಟ್ಟುಗಳನ್ನು ಅಳೆದು 1923ರಲ್ಲಿ ಪುಸ್ತಕ ಬರೆದ ಎರಿಕ್ ಎಗ್ಗೆನ್, ಅವುಗಳ ಸ್ವರಗಳು ಪಿಯಾನೊ ಸ್ವರಗಳಿಗೆ ಕೂಡುವುದಿಲ್ಲವೆಂದು ತೋರಿಸಿದರು. ಕೆಲವದರಲ್ಲಿ ಗಂಧಾರ ಶುದ್ಧವೂ ಅಲ್ಲದ ಕೋಮಲವೂ ಅಲ್ಲದ ನಡುವಿನ ಜಾಗದಲ್ಲಿದೆ. ಅದೇ ನಾರ್ವೆಯ ಹಾರ್ಡಾಂಗರ್ ಪಿಟೀಲನ್ನು ಧಾರ್ಮಿಕ ಪುನರುಜ್ಜೀವನದ ಆವೇಶದಲ್ಲಿ ಸೈತಾನನ ವಾದ್ಯವೆಂದು ಬೆಂಕಿಗೆ ಹಾಕಿದವರೂ ಇದ್ದರು. ಅದರ ಕೆಳಗೆ ನಮ್ಮ ಸಾರಂಗಿಯ ತರಬಿನಂತೆ ತಾನಾಗಿ ನುಡಿಯುವ ತಂತಿಗಳಿವೆ. ಫೆರೋ ದ್ವೀಪಗಳ ಹಳೆಯ ಕುಣಿತದಲ್ಲಂತೂ ವಾದ್ಯವೇ ಇಲ್ಲ; ಜನ ಕೈಕೈ ಹಿಡಿದು ಸರಪಣಿಯಾಗಿ ಸುತ್ತುತ್ತ, ನೆಲಕ್ಕೆ ಕಾಲು ಬಡಿದೇ ತಾಳ ಹಾಕಿ, ನೂರಾರು ನುಡಿಗಳ ಲಾವಣಿ ಹಾಡುತ್ತಾರೆ.

ಲಾವಣಿಗಳ ವಿಷಯದಲ್ಲೂ ಇದೇ ವೇಷಗಾರಿಕೆ. ಸ್ವೀಡನ್ನಿನ ‘ಹೆರ್ ಮಾನ್ನೆಲಿಗ್’ ಎಂಬ ಹಾಡನ್ನು ನೀವು ಕೇಳಿರಬಹುದು. ಬೆಟ್ಟದ ರಾಕ್ಷಸಿಯೊಬ್ಬಳು ಯುವಕನೊಬ್ಬನಿಗೆ ಕುದುರೆ, ಗಿರಣಿ, ಕತ್ತಿ ಎಲ್ಲ ಕೊಡುತ್ತೇನೆ, ನನ್ನನ್ನು ಮದುವೆಯಾಗು ಎನ್ನುತ್ತಾಳೆ. ನೀನು ಕ್ರೈಸ್ತಳಾಗಿದ್ದರೆ ಆಗುತ್ತಿದ್ದೆ ಎಂದು ಅವನು ಹೊರಟುಹೋಗುತ್ತಾನೆ. ಅದು ಬರಹಕ್ಕೆ ಇಳಿದದ್ದು 1877ರಲ್ಲಿ, ಜಗತ್ತಿನ ಕಿವಿಗೆ ಬಿದ್ದದ್ದು 1990ರ ದಶಕದಲ್ಲಿ ಗಾರ್‌ಮಾರ್ನಾ ಎಂಬ ತಂಡ ಹಾಡಿದ ಮೇಲೆ. ಈಗ ಅದೂ ‘ವೈಕಿಂಗ್ ಗೀತೆ’! ಕ್ರೈಸ್ತಳಲ್ಲ ಎಂಬ ಕಾರಣಕ್ಕೆ ಹೆಣ್ಣನ್ನು ಬಿಟ್ಟು ಹೋಗುವವನನ್ನು ಓಡಿನ್, ಥೋರ್ ದೇವತೆಗಳ ಭಕ್ತನೆಂದು ನಂಬಲು ಬಹಳ ಶ್ರದ್ಧೆ ಬೇಕು.

ಐಸ್‌ಲ್ಯಾಂಡಿನಲ್ಲಿ ಇದಕ್ಕಿಂತ ಎಷ್ಟೋ ಗಾಢವಾದ ಒಂದು ಸಣ್ಣ ಹಾಡಿದೆ, ಅದಕ್ಕೆ ಡೋಲು ಬೇಡ. ಮದುವೆಯಾಗದ ಮನೆಗೆಲಸದವಳೊಬ್ಬಳು ಕೂಸು ಹೆತ್ತು, ಬಟ್ಟೆಯಲ್ಲಿ ಸುತ್ತಿ ಹೊರಗೆ ಸಾಯಲು ಬಿಟ್ಟಿದ್ದಾಳೆ. ಮುಂದೊಂದು ದಿನ ಕುರಿದೊಡ್ಡಿಯಲ್ಲಿ ಹಾಲು ಕರೆಯುತ್ತ, ಕುಣಿತಕ್ಕೆ ಕರೆ ಬಂದಿದೆ, ಉಡಲು ಒಳ್ಳೆಯ ಬಟ್ಟೆಯಿಲ್ಲ ಎಂದು ಗೆಳತಿಯ ಹತ್ತಿರ ಹಲುಬುತ್ತಾಳೆ. ಆಗ ದೊಡ್ಡಿಯ ಗೋಡೆಯ ಕೆಳಗಿನಿಂದ ಕೂಸಿನ ದನಿ ಕೇಳುತ್ತದೆ: ಅಮ್ಮಾ, ಚಿಂತೆ ಮಾಡಬೇಡ, ನನ್ನನ್ನು ಸುತ್ತಿದ ಅರಿವೆಯನ್ನು ನಿನಗೆ ಕೊಡುತ್ತೇನೆ, ಉಟ್ಟು ಕುಣಿ. ಯೋನ್ ಆರ್ನಾಸನ್ 1860ರ ದಶಕದಲ್ಲಿ ಪ್ರಕಟಿಸಿದ ಜನಪದ ಕಥೆಗಳಲ್ಲಿ ಇದು ಇದೆ. ಅಕ್ಕ ಇದನ್ನು ಲಾಂಗ್‌ಸ್ಪಿಲ್ ಜೊತೆ ಹಾಡುತ್ತಾರೆ, ಯಾವ ಭಾವಾಭಿನಯವೂ ಇಲ್ಲದೆ. ಶ್ರುತಿ ತಂತಿಗಳು ಕಥೆಗೆ ಸಂಬಂಧವೇ ಇಲ್ಲದಂತೆ ಒಂದೇ ಸಮ ಗುಂಯ್‌ಗುಡುತ್ತವೆ. ಆ ನಿರ್ಲಿಪ್ತತೆಯಿಂದಲೇ ಹಾಡು ಕೇಳುವವರನ್ನು ಇರಿಯುವುದು.

ವೈಕಿಂಗ್ ಹೆಸರಿನಲ್ಲಿ ಸಂಗೀತ ಮಾಡುವವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ನಾರ್ವೆಯ ವಾರ್ಡ್ರುನಾ ತಂಡದ ಐನಾರ್ ಸೆಲ್ವಿಕ್ ಕಸುಬು ಬಲ್ಲವರು. ತಾವು ಮಾಡುವುದು ಹಳೆಯ ವಸ್ತುವಿನಿಂದ ಹೊಸ ಸಂಗೀತ ಎಂದು ಅವರೇ ಹೇಳುತ್ತಾರೆ. ಅವರಿಂದಾಗಿ ಎಷ್ಟೋ ಹುಡುಗರು ಹಳೆಯ ವಾದ್ಯಗಳ ಕಡೆ ತಿರುಗಿದ್ದಾರೆ. ‘ಹೇಗಾದರೂ ಸರಿ, ವಾದ್ಯ ಉಳಿಯಲಿ ಬಿಡವ್ವ’ ಎಂದು ಮಗಳ ವಾದ. ಇರಬಹುದು. ಆದರೆ ವಾದ್ಯಕ್ಕೆ ಯೋಧನ ಪಟ್ಟ ಕಟ್ಟಿದರೆ ಅದನ್ನು ಕೈಗೆತ್ತಿಕೊಳ್ಳುವವರು ಯಾರು? ವೇದಿಕೆಯ ಮೇಲಿನ ಕೆಲವರು. ಹಿಂದೆ ಅದನ್ನು ನುಡಿಸಿದ್ದು ನೂಲು ಕೆಳಗಿಟ್ಟು ಬಂದ ಮನೆಯವರು, ಪಾಠ ಕಲಿಯುವ ಮಕ್ಕಳು. ದಕ್ಷಿಣದ ಕಡೆಯ ಶಾಲೆಯೊಂದರಲ್ಲಿ ಮಕ್ಕಳು ತಾವೇ ಲಾಂಗ್‌ಸ್ಪಿಲ್ ಮಾಡಿ ನುಡಿಸಿದ್ದಾರೆ. ಪೆಟ್ಟಿಗೆ ಜೋಡಿಸಿ, ಉಜ್ಜಿ, ತಂತಿ ಕಟ್ಟಿ, ಅದೇ ವಾದ್ಯದಲ್ಲಿ ಹಾಡು ಕಲಿತಿದ್ದಾರೆ. ಸರ್ಕಾರಕ್ಕೋ ಧನಿಕರಿಗೋ ದುಡ್ಡು ಹಾಕುವ ಮನಸ್ಸಿದ್ದರೆ ಅಲ್ಲಿ ಹಾಕಬೇಕು. ಆ ವಾದ್ಯಕ್ಕೆ ಆರಿ ಸೈಮುಂಡ್‌ಸೆನ್ ಕೊಟ್ಟ ಕೆಲಸವೇ ಅದು.

ಹಾಗೆ ಹೊಸದಾಗಿ ಮಾಡುವ ಲಾಂಗ್‌ಸ್ಪಿಲ್‌ಗಳ ಬಗ್ಗೆಯೂ ನನ್ನದೊಂದು ಕ್ಯಾತೆ ಇದೆ, ಅಕ್ಕನ ಜೊತೆ ಅದಿನ್ನೂ ಮುಗಿದಿಲ್ಲ. ಅಕ್ಕನ ವಾದ್ಯದಲ್ಲಿ ಮೆಟ್ಟುಗಳನ್ನು ಪಿಯಾನೊ ಲೆಕ್ಕದಲ್ಲಿ ಕೂರಿಸಿದ್ದಾರೆ. ಶ್ರುತಿ ತಂತಿ ಇಲ್ಲದಿದ್ದರೆ ಅದು ಗೊತ್ತಾಗುತ್ತಿರಲಿಲ್ಲ. ಷಡ್ಜ ಒಂದೇ ಸಮನೆ ನುಡಿಯುತ್ತಿರುವಾಗ ಗಂಧಾರ ಕೂದಲೆಳೆಯಷ್ಟು ಏರಿದ್ದರೂ ತಂಬೂರಿಯಲ್ಲಿ ಬೆಳೆದ ಕಿವಿಗೆ ಚುಚ್ಚುತ್ತದೆ. 80 ಸೆಂಟಿಮೀಟರ್ ತಂತಿಯಾದರೆ ಆ ಮೆಟ್ಟು ಬಿರಡೆಯ ಕಡೆಗೆ 5 ಮಿಲಿಮೀಟರ್ ಸರಿಯಬೇಕು, ಅಷ್ಟೇ. ಒಂದು ತುಂಡು ದಾರ ತೆಗೆದುಕೊಂಡು, ಸಿತಾರಿನ ಪರದೆ ಕಟ್ಟುವ ಹಾಗೆ ಒಂದು ಸಣ್ಣ ಕಡ್ಡಿಯನ್ನು ಆ ಜಾಗಕ್ಕೆ ಕಟ್ಟಿ ತೋರಿಸಿದೆ. ಅಕ್ಕ ಮೂರು ಸಲ ಹಿಂದೆ ಮುಂದೆ ನುಡಿಸಿ ಕೇಳಿದರು. ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಆಮೇಲೆ ಶಿಕ್ಷಕಿಯ ಬುದ್ಧಿ ಎದ್ದು ಬಂತು: “ಹೀಗೆ ಮಾಡಿದರೆ ನನ್ನ ಮೊಮ್ಮಗಳು ಗಿಟಾರ್ ಹುಡುಗನ ಜೊತೆ ನುಡಿಸುವುದು ಹೇಗೆ?”

ಗಿಟಾರ್ ಹುಡುಗ ಕಾಯಲಿ ಎಂದೆ. ಹಳ್ಳಿಯ ಶಾಲೆಯಲ್ಲಿ ಅಷ್ಟು ವರ್ಷ ಪಾಠ ಹೇಳಿದ ಅವರು ಒಪ್ಪಲಿಲ್ಲ. ಮಗು ಒಂಟಿಯಾಗಿ ಸರಿಯಾಗಿ ನುಡಿಸುವುದಕ್ಕಿಂತ ಗೆಳೆಯರ ಜೊತೆ ಸ್ವಲ್ಪ ಹೆಚ್ಚುಕಡಿಮೆಯಾಗಿ ನುಡಿಸಿದರೆ ನಾಳೆಯೂ ವಾದ್ಯ ಎತ್ತಿಕೊಳ್ಳುತ್ತದೆ ಎಂಬುದು ಅವರ ಮಾತು. ಈಗ ಆ ವಾದ್ಯದಲ್ಲಿ ಗಂಧಾರಕ್ಕೆ ಎರಡು ಮೆಟ್ಟುಗಳಿವೆ, ಒಂದು ಲೋಹದ್ದು, ಇನ್ನೊಂದು ನಾನು ಕಟ್ಟಿದ ಕಡ್ಡಿ. ಮುಂದಿನ ವಾದ್ಯ ಮಾಡುವಾಗ ಸರಿಸಬಲ್ಲ ಮೆಟ್ಟು ಕೂರಿಸಲು ಸಾಧ್ಯವೇ ಎಂದು ಅದನ್ನು ಮಾಡಿಕೊಟ್ಟ ಬಡಗಿಯನ್ನು ಕೇಳಲು ಇಬ್ಬರೂ ಒಪ್ಪಿದ್ದೇವೆ. ಅಳತೆ ಬರೆದ ಚೀಟಿಯನ್ನು ಅಕ್ಕ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ, ಮೊಮ್ಮಗಳ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿ.